ಮರುಭೂಮಿಯ ಕಲಿಕಾ ಪೆಟ್ಟಿಗೆ: ಬೆರಗು ಧಾರಾಳ, ಲೆಕ್ಕ ಕೆಲವೆಡೆ ಮಾತ್ರ

ಬಿಸಿ ಮರುಭೂಮಿಗಳಲ್ಲಿ ಸಸ್ಯಗಳೂ ಪ್ರಾಣಿಗಳೂ ಹೇಗೆ ಬದುಕುಳಿಯುತ್ತವೆ ಎಂಬುದನ್ನು ಪ್ರೌಢಶಾಲೆಯ ಮಕ್ಕಳಿಗೆ ತಿಳಿಸಿಕೊಡುವ ಉದ್ದೇಶದಿಂದ ತಯಾರಾದ ಕಲಿಕಾ ಪೆಟ್ಟಿಗೆಯೊಂದನ್ನು ಕುರಿತ ವಿಮರ್ಶೆ ಇದು. ಪೆಟ್ಟಿಗೆಯಲ್ಲಿ ಒಂದು ಗೋಡೆ ನಕ್ಷೆ, ಒಂದೊಂದು ಜೀವಿಗೆ ಒಂದರಂತೆ ಚಿತ್ರಸಹಿತ ಕಾರ್ಡುಗಳು, ಶಿಕ್ಷಕರಿಗೊಂದು ಕೈಪಿಡಿ ಮತ್ತು ಎರಡು ಪ್ರಯೋಗಗಳಿಗೆ ಬೇಕಾದ ಸಾಮಗ್ರಿ ಇವೆ. ನಾನು ಕಂಡ ತಪ್ಪುಗಳನ್ನು ತಯಾರಕರಿಗೆ ಬರೆದು ತಿಳಿಸಿದ್ದೇನೆ. ತಿದ್ದಿಕೊಳ್ಳಲು ಅವರಿಗೂ ಅವಕಾಶ ಇರಲಿ ಎಂಬ ಕಾರಣಕ್ಕೆ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಈ ಬಗೆಯ ಸಾಮಗ್ರಿಯನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ. ಮರುಭೂಮಿಯ ಜೀವಿಗಳ ಪ್ರತಿಯೊಂದು ಹೊಂದಾಣಿಕೆಗೂ ಅದು ತೆರುವ ಬೆಲೆ ಇದ್ದೇ ಇರುತ್ತದೆ. ನೀರನ್ನು ಉಳಿಸಿದ ಗಿಡ ಬೆಳವಣಿಗೆಯನ್ನು ಬಿಟ್ಟುಕೊಟ್ಟಿರುತ್ತದೆ, ಬಿಸಿಲನ್ನು ತಪ್ಪಿಸಿಕೊಂಡ ಪ್ರಾಣಿ ಮೇಯುವ ಹೊತ್ತನ್ನು ಕಳೆದುಕೊಂಡಿರುತ್ತದೆ. ಆ ಬೆಲೆಯನ್ನು ಸಾಮಗ್ರಿ ಹೇಳುತ್ತದೆಯೇ, ಇಲ್ಲವೇ? ಹೇಳಿದ ಕಡೆ ಅದು ವಿಜ್ಞಾನವಾಗುತ್ತದೆ, ಹೇಳದ ಕಡೆ ವಿಸ್ಮಯದ ಪಟ್ಟಿಯಾಗಿ ಉಳಿಯುತ್ತದೆ. ಈ ಪೆಟ್ಟಿಗೆಯಲ್ಲಿ ಎರಡೂ ಇವೆ.

ಗೋಡೆ ನಕ್ಷೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶಗಳನ್ನು ಬಣ್ಣದಲ್ಲಿ ಗುರುತಿಸಿದ್ದಾರೆ. ಸಮಭಾಜಕದ ಬಳಿ ಮೇಲೇರಿ ತೇವವನ್ನೆಲ್ಲ ಸುರಿಸಿಬಿಟ್ಟ ಗಾಳಿ 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಒಣಗಾಳಿಯಾಗಿ ಇಳಿಯುವುದರಿಂದ ಸಹಾರಾ, ಅರೇಬಿಯಾ, ಆಸ್ಟ್ರೇಲಿಯಾದ ಮರುಭೂಮಿಗಳು ಹೆಚ್ಚುಕಡಿಮೆ ಒಂದೇ ಪಟ್ಟಿಯಲ್ಲಿ ಬರುತ್ತವೆ ಎಂಬುದನ್ನು ಬಾಣದ ಗುರುತುಗಳಿಂದ ಚೆನ್ನಾಗಿ ತೋರಿಸಿದ್ದಾರೆ. ಆಫ್ರಿಕಾದ ನಮೀಬ್ ಮತ್ತು ದಕ್ಷಿಣ ಅಮೆರಿಕದ ಅಟಕಾಮಾ ಮರುಭೂಮಿಗಳು ಸಮುದ್ರದ ಅಂಚಿನಲ್ಲಿದ್ದೂ ಒಣಗಿರಲು ಬೆಂಗ್ವೆಲಾ ಮತ್ತು ಹಂಬೋಲ್ಟ್ ಶೀತ ಪ್ರವಾಹಗಳು ಕಾರಣ ಎಂಬ ಟಿಪ್ಪಣಿಯೂ ಇದೆ. ಆದರೆ ನಕ್ಷೆಯ ಮೂಲೆಯಲ್ಲಿ ಭೂಮಿಯ ಅತ್ಯಧಿಕ ತಾಪಮಾನವೆಂದು ಲಿಬಿಯಾದ ಅಲ್ ಅಜೀಜಿಯಾದ 58 ಡಿಗ್ರಿಯನ್ನು ಮುದ್ರಿಸಿರುವುದು ತಪ್ಪು. 1922ರ ಆ ದಾಖಲೆಯನ್ನು ವಿಶ್ವ ಹವಾಮಾನ ಸಂಸ್ಥೆ 2012ರಲ್ಲೇ ಅಮಾನ್ಯಗೊಳಿಸಿದೆ. ಈಗ ಅಧಿಕೃತ ಪಟ್ಟಿಯಲ್ಲಿರುವುದು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಸೆಲ್ಸಿಯಸ್.

ಇಡೀ ಪೆಟ್ಟಿಗೆಯಲ್ಲಿ ಅತ್ಯುತ್ತಮವಾದದ್ದು ಉತ್ತರ ಅಮೆರಿಕದ ಕಾಂಗರೂ ಇಲಿಯ ಕಾರ್ಡು. ನೀರನ್ನೇ ಕುಡಿಯದೆ ಬರಿಯ ಒಣ ಬೀಜ ತಿಂದು ಬದುಕುವ ಪ್ರಾಣಿ ಎಂದು ಹೇಳಿ ಮುಗಿಸುವುದು ಸುಲಭವಾಗಿತ್ತು. ಅದರ ಬದಲು ಕಾರ್ಡಿನ ಹಿಂಬದಿಯಲ್ಲಿ ಅಂಗಡಿಯ ಖಾತೆ ಪುಸ್ತಕದಂತೆ ಜಮಾ ಮತ್ತು ಖರ್ಚಿನ ಎರಡು ಕಲಮುಗಳನ್ನು ಎಳೆದಿದ್ದಾರೆ. ಜಮಾ ಕಡೆಯಲ್ಲಿ, ಇಲಿ 100 ಗ್ರಾಂ ಒಣ ಜವೆಗೋಧಿ ತಿಂದರೆ ಆ ಕಾಳು ದೇಹದಲ್ಲಿ ಆಮ್ಲಜನಕದೊಂದಿಗೆ ಸೇರಿ ಉರಿದಾಗ ಹುಟ್ಟುವ ನೀರು 54 ಗ್ರಾಂ, ಕಾಳು ಗಾಳಿಯಿಂದ ಹೀರಿಕೊಂಡಿದ್ದ ತೇವ 6 ಗ್ರಾಂ, ಒಟ್ಟು 60. ಖರ್ಚಿನ ಕಡೆಯಲ್ಲಿ, ಮೂತ್ರಕ್ಕೆ 13.5, ಹಿಕ್ಕೆಗೆ 2.6, ಉಸಿರು ಮತ್ತು ಚರ್ಮದ ಮೂಲಕ ಆವಿಯಾಗುವುದು 43.9, ಒಟ್ಟು ಅದೇ 60. ಕೂಡಿಸಿ ನೋಡಿದ ವಿದ್ಯಾರ್ಥಿಗೆ ಎರಡು ಸಂಗತಿಗಳು ತಾವಾಗಿಯೇ ಹೊಳೆಯುತ್ತವೆ. ಮೊದಲನೆಯದು, ಈ ಪ್ರಾಣಿಯ ನೀರಿನ ಬಹುಪಾಲು ಹೋಗುವುದು ಮೂತ್ರದಲ್ಲಲ್ಲ, ಉಸಿರಿನಲ್ಲಿ. ಹಾಗಾಗಿ ಮನುಷ್ಯನ ಮೂತ್ರಕ್ಕಿಂತ ಸುಮಾರು ನಾಲ್ಕು ಪಟ್ಟು ಗಾಢವಾದ ಮೂತ್ರವನ್ನು ತಯಾರಿಸುವ ಅದರ ಮೂತ್ರಪಿಂಡ ಎಷ್ಟೇ ಪ್ರಸಿದ್ಧವಾಗಿದ್ದರೂ ಅದೊಂದರಿಂದಲೇ ಬದುಕು ಸಾಗುವುದಿಲ್ಲ, ಹೊರಬರುವ ಉಸಿರನ್ನು ತಣಿಸಿ ತೇವವನ್ನು ಮರಳಿ ಹಿಡಿದುಕೊಳ್ಳುವ ಮೂಗಿನ ಕೆಲಸವೂ ಅಷ್ಟೇ ಮುಖ್ಯ. ಎರಡನೆಯದು, ಈ ಲೆಕ್ಕ ಸರಿದೂಗುವುದು ತಂಪಾದ, ಸ್ವಲ್ಪ ತೇವವಿರುವ ಗಾಳಿಯಲ್ಲಿ ಮಾತ್ರ. ಗಾಳಿ ತೀರ ಒಣಗಿದರೆ ಆವಿಯಾಗುವ ನೀರು ಹೆಚ್ಚಿ ಖಾತೆ ನಷ್ಟಕ್ಕೆ ಇಳಿಯುತ್ತದೆ. ಆದ್ದರಿಂದಲೇ ಅದು ಹಗಲೆಲ್ಲ ಬಿಲದೊಳಗೆ ಇರಬೇಕು; ಬೆವರಿ ಮೈ ತಣಿಸಿಕೊಳ್ಳುವಷ್ಟು ನೀರು ಅದರ ಬಳಿ ಎಂದಿಗೂ ಇರುವುದಿಲ್ಲ. ಈ ಅಂಕಿಗಳು ಕ್ನೂಟ್ ಶ್ಮಿಟ್ ನೀಲ್ಸನ್ ಮತ್ತು ಬೋಡಿಲ್ ಶ್ಮಿಟ್ ನೀಲ್ಸನ್ ದಂಪತಿಗಳ ಸಂಶೋಧನೆಯಿಂದ ಬಂದವು. ಅವರ ಹೆಸರನ್ನು ಕಾರ್ಡಿನಲ್ಲಿ ಎಲ್ಲಿಯೂ ಹೇಳಿಲ್ಲ ಎಂಬುದೊಂದೇ ಇಲ್ಲಿ ನನ್ನ ತಕರಾರು.

ಅದೇ ಕ್ನೂಟ್ ಶ್ಮಿಟ್ ನೀಲ್ಸನ್ 1950ರ ದಶಕದಲ್ಲಿ ಅಲ್ಜೀರಿಯಾದ ಸಹಾರಾದಲ್ಲಿ ಒಂಟೆಗಳನ್ನು ಅಳೆದು ತೂಗಿ ಕಂಡುಕೊಂಡದ್ದನ್ನು ಒಂಟೆಯ ಕಾರ್ಡು ಬರೆದವರು ಓದಿದಂತಿಲ್ಲ. ಡುಬ್ಬದ ಕೊಬ್ಬು ಕರಗಿ ನೀರಾಗುತ್ತದೆ, ಅದೇ ಒಂಟೆಯ ನೀರಿನ ದಾಸ್ತಾನು ಎಂಬ ಹಳೆಯ ಮಾತನ್ನೇ ಅವರು ಹೊಸ ಬಣ್ಣದಲ್ಲಿ ಅಚ್ಚು ಹಾಕಿದ್ದಾರೆ. ಒಂದು ಗ್ರಾಂ ಕೊಬ್ಬು ಉರಿದಾಗ ಒಂದು ಗ್ರಾಮಿಗಿಂತ ತುಸು ಹೆಚ್ಚು ನೀರು ಹುಟ್ಟುವುದು ನಿಜ. ಆದರೆ ಅದನ್ನು ಉರಿಸಲು ಬೇಕಾದ ಆಮ್ಲಜನಕಕ್ಕಾಗಿ ಒಣಗಾಳಿಯನ್ನು ಒಳಗೆಳೆದು ಬಿಡುವಾಗ ಶ್ವಾಸಕೋಶದಿಂದ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ನೀರು ಹೊರಹೋಗಬಲ್ಲದು. ಕಾಂಗರೂ ಇಲಿಗೆ ಜಮಾ ಮತ್ತು ಖರ್ಚು ಬರೆದವರು ಒಂಟೆಗೆ ಜಮಾ ಮಾತ್ರ ಬರೆದು ಖರ್ಚಿನ ಕಲಮನ್ನು ಖಾಲಿ ಬಿಟ್ಟಿದ್ದಾರೆ. ಡುಬ್ಬ ಆಹಾರದ ದಾಸ್ತಾನು; ಕೊಬ್ಬನ್ನು ಮೈತುಂಬ ಹರಡಿಕೊಳ್ಳದೆ ಬೆನ್ನಿನ ಮೇಲೆ ಒಂದೆಡೆ ಇಟ್ಟುಕೊಂಡಿರುವುದರಿಂದ ಉಳಿದ ಮೈಯಿಂದ ಶಾಖ ಸುಲಭವಾಗಿ ಹೊರಹೋಗುತ್ತದೆ ಎಂಬುದು ಅದರ ಇನ್ನೊಂದು ಲಾಭ.

ಒಂಟೆಯ ನಿಜವಾದ ಜಾಣ್ಮೆ ಬೇರೆ ಕಡೆ ಇದೆ, ಮತ್ತು ಅದು ಡುಬ್ಬದ ಕಥೆಗಿಂತ ಎಷ್ಟೋ ಸ್ವಾರಸ್ಯಕರವಾಗಿದೆ. ನೀರು ಸಿಗದ ದಿನಗಳಲ್ಲಿ ಅದು ತನ್ನ ಮೈಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡಲು ಹೋಗುವುದಿಲ್ಲ. ಬೆಳಗಿನ ಜಾವ ಸುಮಾರು 34 ಡಿಗ್ರಿಗೆ ಇಳಿಯಗೊಟ್ಟು, ಮಧ್ಯಾಹ್ನದ ಹೊತ್ತಿಗೆ 40 ಡಿಗ್ರಿ ದಾಟುವವರೆಗೂ ಏರಗೊಡುತ್ತದೆ. ಹೀಗೆ ಹಗಲು ಮೈಯಲ್ಲಿ ಕೂಡಿಟ್ಟ ಶಾಖವನ್ನು ರಾತ್ರಿಯ ತಂಪಿಗೆ ಪುಕ್ಕಟೆಯಾಗಿ ಬಿಟ್ಟುಕೊಡುವುದರಿಂದ, ದೊಡ್ಡ ಒಂಟೆಯೊಂದು ಅಷ್ಟೇ ಶಾಖವನ್ನು ಬೆವರಿ ಕಳೆಯಲು ಬೇಕಾಗುತ್ತಿದ್ದ ಸುಮಾರು ಐದು ಲೀಟರ್ ನೀರನ್ನು ಒಂದು ದಿನದಲ್ಲಿ ಉಳಿಸುತ್ತದೆ. ಮೈತೂಕದ ಶೇಕಡಾ 25ರಷ್ಟು ನೀರನ್ನು ಕಳೆದುಕೊಂಡರೂ ಅದರ ರಕ್ತದ ದ್ರವಾಂಶ ಹೆಚ್ಚು ಕುಗ್ಗುವುದಿಲ್ಲ. ಮನುಷ್ಯನಾದರೆ ಅದರ ಅರ್ಧದಷ್ಟಕ್ಕೇ ರಕ್ತ ಗಟ್ಟಿಯಾಗಿ ಮೈಬಿಸಿ ಏರಿ ಸಾಯುತ್ತಾನೆ. ನೀರು ಸಿಕ್ಕಿದಾಗ ಹತ್ತೇ ನಿಮಿಷದಲ್ಲಿ 100 ಲೀಟರ್ ಕುಡಿದರೂ ಅದರ ಅಂಡಾಕಾರದ ಕೆಂಪು ರಕ್ತಕಣಗಳು ಒಡೆಯದೆ ಉಬ್ಬಿ ತಡೆದುಕೊಳ್ಳುತ್ತವೆ. ದಟ್ಟ ಉಣ್ಣೆಯನ್ನು ಕತ್ತರಿಸಿದ ಒಂಟೆ ಕತ್ತರಿಸದ ಒಂಟೆಗಿಂತ ಸುಮಾರು ಒಂದೂವರೆ ಪಟ್ಟು ನೀರನ್ನು ಕಳೆದುಕೊಂಡಿತು ಎಂಬುದು ಆ ಅಧ್ಯಯನದ ಇನ್ನೊಂದು ಫಲಿತಾಂಶ. ಇಷ್ಟೊಂದು ಸಂಗತಿಗಳಲ್ಲಿ ಕಾರ್ಡಿನಲ್ಲಿ ಇರುವುದು ಉದ್ದ ರೆಪ್ಪೆ ಮತ್ತು ಅಗಲ ಪಾದ ಮಾತ್ರ. ಮರುಭೂಮಿ ಎಂದೊಡನೆ ಮಕ್ಕಳಿಗೆ ಮೊದಲು ನೆನಪಾಗುವ ಪ್ರಾಣಿಯ ಕಾರ್ಡೇ ಎಲ್ಲಕ್ಕಿಂತ ಕಳಪೆಯಾಗಿರುವುದು ಬೇಸರದ ವಿಷಯ.

ಸಸ್ಯಗಳ ಭಾಗ ಒಟ್ಟಾರೆ ಪ್ರಾಣಿಗಳ ಭಾಗಕ್ಕಿಂತ ಮೇಲ್ಮಟ್ಟದ್ದು. ಉತ್ತರ ಅಮೆರಿಕದ ಸೊನೋರಾ ಮರುಭೂಮಿಯ ಸಗ್ವಾರೊ ಪಾಪಾಸುಕಳ್ಳಿಯ ಕಾರ್ಡು ಹಗಲು ಮತ್ತು ರಾತ್ರಿ ಎಂದು ಎರಡು ಮಡಿಕೆಗಳಾಗಿ ತೆರೆದುಕೊಳ್ಳುತ್ತದೆ. ರಾತ್ರಿಯ ಮಡಿಕೆಯಲ್ಲಿ ಪತ್ರರಂಧ್ರಗಳು ತೆರೆದಿವೆ, ಇಂಗಾಲದ ಡೈಆಕ್ಸೈಡ್ ಒಳಬಂದು ಮ್ಯಾಲಿಕ್ ಆಮ್ಲವಾಗಿ ಕೋಶದ ರಸದಾನಿಯಲ್ಲಿ ಶೇಖರವಾಗುತ್ತಿದೆ. ಹಗಲಿನ ಮಡಿಕೆಯಲ್ಲಿ ರಂಧ್ರಗಳು ಮುಚ್ಚಿವೆ, ಆಮ್ಲ ಒಡೆದು ಅನಿಲವನ್ನು ಬಿಟ್ಟುಕೊಡುತ್ತಿದೆ, ಸೂರ್ಯನ ಬೆಳಕಿನಲ್ಲಿ ಅದೇ ಸಕ್ಕರೆಯಾಗುತ್ತಿದೆ. ತಂಪು ಹೊತ್ತಿನಲ್ಲಿ ಬಾಗಿಲು ತೆರೆಯುವುದರಿಂದ ನೀರು ಉಳಿಯುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಇಲ್ಲಿ ಬೆಲೆಯನ್ನೂ ಹೇಳಿದ್ದಾರೆ. ಒಂದು ರಾತ್ರಿಯಲ್ಲಿ ಶೇಖರಿಸಬಹುದಾದ ಆಮ್ಲಕ್ಕೆ ಮಿತಿ ಇರುವುದರಿಂದ ಮರುದಿನ ತಯಾರಾಗುವ ಸಕ್ಕರೆಗೂ ಮಿತಿ ಇದೆ. ಎಲೆಗಳನ್ನು ಬಿಟ್ಟು ಕಾಂಡದಿಂದಲೇ ಆಹಾರ ತಯಾರಿಸಿಕೊಳ್ಳುವ ಸಗ್ವಾರೊ ಮೊದಲ ಕೆಲವು ವರ್ಷಗಳಲ್ಲಿ ಬೆರಳಿನಷ್ಟೂ ಎತ್ತರವಾಗುವುದಿಲ್ಲ, ಮೊದಲ ಕವಲು ಒಡೆಯುವಷ್ಟರಲ್ಲಿ ಸಾಮಾನ್ಯವಾಗಿ ಅರ್ಧ ಶತಮಾನ ಕಳೆದಿರುತ್ತದೆ. ಎಳೆಯ ಗಿಡ ಬದುಕುವುದು ಬಹುಮಟ್ಟಿಗೆ ಪಾಲೋ ವೆರ್ಡೆಯಂಥ ಇನ್ನೊಂದು ಮರದ ನೆರಳಿನಲ್ಲಿ ಎಂಬ ಮಾತನ್ನೂ ಸೇರಿಸಿದ್ದಾರೆ. ಹಗಲಿನಲ್ಲಿ ನೀರನ್ನು ಆವಿಯಾಗಿಸಿ ತಣಿಯುವ ದಾರಿ ಮುಚ್ಚಿರುವುದರಿಂದ ಪಾಪಾಸುಕಳ್ಳಿಗಳ ಅಂಗಾಂಶವೇ 50 ಡಿಗ್ರಿ ದಾಟುವಷ್ಟು ಕಾಯುತ್ತದೆ, ಅದನ್ನು ಅವು ಸಹಿಸಬೇಕು ಎಂಬುದೊಂದನ್ನು ಸೇರಿಸಿದ್ದರೆ ಕಾರ್ಡು ಪೂರ್ಣವಾಗುತ್ತಿತ್ತು.

ಬೇರಿನ ವಿಷಯಕ್ಕೆ ಬಂದರೆ ಕೈಪಿಡಿ ದಾರಿ ತಪ್ಪಿದೆ. ‘ಮರುಭೂಮಿಯ ಸಸ್ಯಗಳ ಬೇರು ಆಳವಾಗಿರುತ್ತದೆ’ ಎಂದು ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಮೆಸ್ಕೀಟ್ ಮರದ ಮಟ್ಟಿಗೆ ಇದು ನಿಜ. ಅರಿಜೋನಾದ ಗಣಿಯೊಂದರಲ್ಲಿ ಅದರ ಬೇರು ನೆಲದಿಂದ 53 ಮೀಟರ್ ಆಳದಲ್ಲಿ ಕಂಡುಬಂದ ದಾಖಲೆ ಇದೆ. ಥಾರ್ ಮರುಭೂಮಿಯ ಬನ್ನಿ ಮರವೂ ಆಳಕ್ಕೆ ಬೇರಿಳಿಸುವ ಇದೇ ಗುಂಪಿಗೆ ಸೇರುತ್ತದೆ. ಸಗ್ವಾರೊ ಮಾಡುವುದು ಇದಕ್ಕೆ ತದ್ವಿರುದ್ಧವಾದದ್ದನ್ನು. ಅದರ ಬೇರುಗಳು ಬಹುಪಾಲು ನೆಲದ ಮೇಲ್ಪದರದಲ್ಲೇ, ಗಿಡದ ಎತ್ತರದಷ್ಟು ದೂರಕ್ಕೆ ಸುತ್ತಲೂ ಹರಡಿಕೊಂಡು, ಸಣ್ಣ ಮಳೆಯ ನೀರನ್ನು ಆರುವ ಮೊದಲೇ ಹೀರಿಕೊಳ್ಳುತ್ತವೆ. ನೆರಿಗೆಗಟ್ಟಿದ ಕಾಂಡ ಆ ನೀರಿನಿಂದ ಉಬ್ಬಿಕೊಳ್ಳುತ್ತದೆ. ಆಳದ ನೀರನ್ನು ನಂಬಿದ ಮರವೂ ಮೇಲಿನ ಮಳೆಯನ್ನು ನಂಬಿದ ಗಿಡವೂ ಒಂದೇ ನೆಲದಲ್ಲಿ ಅಕ್ಕಪಕ್ಕ ಬೆಳೆಯಲು ಸಾಧ್ಯವಾಗುವುದು ಈ ವ್ಯತ್ಯಾಸದಿಂದಲೇ. ಅಮೆರಿಕದ ಪಾಪಾಸುಕಳ್ಳಿಗಳನ್ನೂ ಆಫ್ರಿಕಾದ ಕಳ್ಳಿಗಳನ್ನೂ ಅಕ್ಕಪಕ್ಕ ಇಟ್ಟು, ಸಂಬಂಧವೇ ಇಲ್ಲದ ಎರಡು ಕುಟುಂಬಗಳು ಒಂದೇ ಬಗೆಯ ಬಿಸಿಲಿಗೆ ಒಂದೇ ಬಗೆಯ ಕಾಂಡವನ್ನು ಬೆಳೆಸಿಕೊಂಡಿರುವುದನ್ನು ತೋರಿಸುವ ಜೋಡಿ ಕಾರ್ಡು ಮಾತ್ರ ನನಗೆ ಬಹಳ ಮೆಚ್ಚುಗೆಯಾಯಿತು. ನಮೀಬಿನ ವೆಲ್ವಿಚಿಯಾ ಎರಡೇ ಎಲೆಗಳನ್ನು ಇಟ್ಟುಕೊಂಡು ಸಾವಿರ ವರ್ಷಕ್ಕೂ ಮೀರಿ ಬದುಕಬಲ್ಲದು ಎಂಬ ಕಾರ್ಡಿನಲ್ಲಿ ಚಿತ್ರ ಸುಂದರವಾಗಿದೆ, ವಿವರಣೆ ಸಾಲದು.

ಸಹಾರಾದ ಬೆಳ್ಳಿ ಇರುವೆಯ ಕಾರ್ಡು ಮತ್ತೆ ಉತ್ತಮ ದರ್ಜೆಗೆ ಸೇರುತ್ತದೆ. ಈ ಇರುವೆಗಳು ದಿನಕ್ಕೆ ಸುಮಾರು ಹತ್ತು ನಿಮಿಷ ಮಾತ್ರ, ಅದೂ ನಡುಮಧ್ಯಾಹ್ನದ ಸುಡುಬಿಸಿಲಿನಲ್ಲಿ, ಆಹಾರಕ್ಕಾಗಿ ಗೂಡಿನಿಂದ ಹೊರಬರುತ್ತವೆ. ಇದಕ್ಕಿಂತ ಮೊದಲು ಹೊರಟರೆ ಅವುಗಳನ್ನು ತಿನ್ನುವ ಹಲ್ಲಿಗಳು ಇನ್ನೂ ಮರಳಿನ ಮೇಲೆಯೇ ಇರುತ್ತವೆ. ಸ್ವಲ್ಪ ತಡಮಾಡಿದರೆ ಮೈಬಿಸಿ 53 ಡಿಗ್ರಿಯ ಗಡಿ ಮುಟ್ಟಿ ಇರುವೆಯೇ ಸಾಯುತ್ತದೆ. ಹಲ್ಲಿಗಳು ಬಿಸಿಲು ತಾಳಲಾರದೆ ಬಿಲ ಸೇರಿದ ಗಳಿಗೆಗೂ ತಾನು ಸಾಯುವ ಗಳಿಗೆಗೂ ನಡುವಿನ ಇಕ್ಕಟ್ಟಾದ ಅವಧಿಯಲ್ಲಿ, ಬಿಸಿಲಿಗೆ ಸತ್ತುಬಿದ್ದ ಕೀಟಗಳನ್ನು ಅದು ಆಯ್ದುಕೊಂಡು ಬರಬೇಕು. ಶಾಖದಿಂದ ಹಾಳಾಗುವ ಪ್ರೋಟೀನುಗಳನ್ನು ಕಾಪಾಡುವ ರಕ್ಷಕ ಪ್ರೋಟೀನುಗಳನ್ನು ಅದು ಗೂಡು ಬಿಡುವ ಮೊದಲೇ ತಯಾರಿಸಿಟ್ಟುಕೊಂಡಿರುತ್ತದೆ, ಏಕೆಂದರೆ ಹೊರಗೆ ಹೋದ ಮೇಲೆ ಅದಕ್ಕೆ ಹೊತ್ತಿಲ್ಲ. ಮೈಮೇಲಿನ ತ್ರಿಕೋನಾಕಾರದ ಕೂದಲುಗಳು ಬಿಸಿಲನ್ನು ಪ್ರತಿಫಲಿಸುವುದರ ಜೊತೆಗೆ ಮೈಯ ಶಾಖವನ್ನು ಆಕಾಶಕ್ಕೆ ಹೊರಸೂಸಲೂ ನೆರವಾಗುತ್ತವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನದ ಸಾರವನ್ನು ಎರಡೇ ವಾಕ್ಯದಲ್ಲಿ ಹಿಡಿದಿಟ್ಟಿದ್ದಾರೆ.

ನಮೀಬಿನ ಮಂಜು ಕುಡಿಯುವ ಜೀರುಂಡೆಯ ಕಾರ್ಡಿನಲ್ಲಿ ಎರಡು ಬೇರೆ ಬೇರೆ ಜೀರುಂಡೆಗಳನ್ನು ಕಲಸಿಬಿಟ್ಟಿದ್ದಾರೆ. ಮರಳದಿಬ್ಬದ ನೆತ್ತಿಯಲ್ಲಿ ತಲೆ ಕೆಳಗೆ ಮಾಡಿ ನಿಂತು, ಬೆನ್ನಿನ ಮೇಲೆ ಕಟ್ಟಿದ ಮಂಜಿನ ಹನಿ ಬಾಯಿಗೆ ಇಳಿಯುವಂತೆ ಮಾಡಿಕೊಳ್ಳುವುದು ಒನಿಮಾಕ್ರಿಸ್ ಅಂಗ್ವಿಕ್ಯುಲಾರಿಸ್ ಎಂಬ ಜಾತಿ; ಇದನ್ನು ಹ್ಯಾಮಿಲ್ಟನ್ ಮತ್ತು ಸೀಲಿ 1976ರಲ್ಲಿ ವರದಿ ಮಾಡಿದರು. ಬೆನ್ನಿನ ಗುಬುಟುಗಳ ತುದಿಯಲ್ಲಿ ನೀರು ಕಟ್ಟುತ್ತದೆ ಎಂಬ 2001ರ ಪ್ರಸಿದ್ಧ ಪ್ರಬಂಧ ಹೇಳಿದ್ದು ಗುಬುಟು ಬೆನ್ನಿನ ಬೇರೊಂದು ಜೀರುಂಡೆಯ ಬಗ್ಗೆ. 2010ರಲ್ಲಿ ನಾಲ್ಕು ಜಾತಿಗಳನ್ನು ಹೋಲಿಸಿ ನೋಡಿದಾಗ ತಲೆಕೆಳಗಾಗಿ ನಿಂತದ್ದು ಒನಿಮಾಕ್ರಿಸ್ ಅಂಗ್ವಿಕ್ಯುಲಾರಿಸ್ ಮಾತ್ರ. ಕಾರ್ಡಿನ ಚಿತ್ರದಲ್ಲಿ ಗುಬುಟು ಬೆನ್ನಿನ ಜೀರುಂಡೆ ತಲೆಕೆಳಗಾಗಿ ನಿಂತಿದೆ. ಈ ಕಲಬೆರಕೆ ಎಷ್ಟೋ ಕಡೆ ಹಬ್ಬಿರುವುದರಿಂದ ಇವರನ್ನೊಬ್ಬರನ್ನೇ ದೂರಲಾರೆ, ಆದರೂ ಕಲಿಕಾ ಸಾಮಗ್ರಿ ತಯಾರಿಸುವವರು ಮೂಲವನ್ನು ನೋಡಬೇಕಿತ್ತು.

ಉಳಿದ ಪ್ರಾಣಿಗಳಲ್ಲಿ ಫೆನೆಕ್ ನರಿಯ ದೊಡ್ಡ ಕಿವಿ ಶಾಖವನ್ನು ಹೊರಹಾಕುತ್ತದೆ ಎಂಬುದನ್ನು ಹೇಳಿದ್ದಾರೆ; ಗಾಳಿ ಮೈಗಿಂತ ಬಿಸಿಯಾದಾಗ ಅದೇ ಕಿವಿ ಶಾಖವನ್ನು ಒಳಗೆಳೆಯುವ ದಾರಿಯೂ ಆಗಬಹುದು, ಆದ್ದರಿಂದಲೇ ಆ ನರಿ ರಾತ್ರಿ ತಿರುಗುತ್ತದೆ ಎಂಬುದನ್ನು ಹೇಳಿಲ್ಲ. ಆಸ್ಟ್ರೇಲಿಯಾದ ಮುಳ್ಳುಹಲ್ಲಿ ಒದ್ದೆ ಮರಳನ್ನು ಮುಟ್ಟಿದರೆ ಸಾಕು, ಹುರುಪೆಗಳ ನಡುವಿನ ಸೂಕ್ಷ್ಮ ಕಾಲುವೆಗಳಲ್ಲಿ ನೀರು ತಾನಾಗಿ ಬಾಯಿಯವರೆಗೆ ಹರಿಯುತ್ತದೆ ಎಂಬ ಕಾರ್ಡು ಚೊಕ್ಕವಾಗಿದೆ. ಗಂಡು ಸ್ಯಾಂಡ್‌ಗ್ರೌಸ್ ಹಕ್ಕಿ ಹೊಟ್ಟೆಯ ಗರಿಗಳಲ್ಲಿ ನೀರು ಹೀರಿಕೊಂಡು ಎಷ್ಟೋ ದೂರದ ಗೂಡಿನಲ್ಲಿರುವ ಮರಿಗಳಿಗೆ ಒಯ್ಯುವ ಸಂಗತಿಯೂ ಇದೆ; ಕೇಡ್ ಮತ್ತು ಮಕ್ಲೀನ್ ಅದನ್ನು 1967ರಲ್ಲಿ ದೃಢಪಡಿಸುವವರೆಗೆ ಹಲವರು ಅದನ್ನು ಕಟ್ಟುಕಥೆ ಎಂದೇ ನಂಬಿದ್ದರು.

ಪೆಟ್ಟಿಗೆಯ ದೊಡ್ಡ ಕೊರತೆ ಇರುವುದು ಬಿಸಿಲನ್ನು ಎದುರಿಸದೆ ತಪ್ಪಿಸಿಕೊಳ್ಳುವ ಜೀವಿಗಳ ವಿಷಯದಲ್ಲಿ. ಮರುಭೂಮಿಯ ಬದುಕಿನಲ್ಲಿ ಹೆಚ್ಚಿನ ಪಾಲು ಅವುಗಳದ್ದೇ. ಮಳೆಗಾಲವೆಂಬುದು ಬಂದಾಗಷ್ಟೇ ಮೊಳೆತು, ಕೆಲವೇ ವಾರಗಳಲ್ಲಿ ಹೂಬಿಟ್ಟು ಬೀಜವಾಗಿ ಒಣಗಿಹೋಗುವ ಅಲ್ಪಾಯು ಸಸ್ಯಗಳಿಗೆ ದಪ್ಪ ತೊಗಟೆಯೂ ಇಲ್ಲ, ಆಳವಾದ ಬೇರೂ ಇಲ್ಲ. ಬರಗಾಲವನ್ನು ಅವು ಕಳೆಯುವುದು ಬೀಜದ ರೂಪದಲ್ಲಿ. ಹಲವು ಬೀಜಗಳ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕಗಳಿದ್ದು, ಅವನ್ನು ತೊಳೆದುಹಾಕುವಷ್ಟು ಮಳೆ ಬಿದ್ದರೆ ಮಾತ್ರ ಮೊಳೆಯುತ್ತವೆ. ಅಷ್ಟಾದರೂ ಒಂದೇ ಮಳೆಗೆ ಎಲ್ಲವೂ ಮೊಳೆಯುವುದಿಲ್ಲ. ಮೊದಲ ಮಳೆಯ ಹಿಂದೆ ಎರಡನೆಯದು ಬಾರದಿದ್ದರೆ ಇಡೀ ಸಂತತಿ ನಾಶವಾಗಬಾರದೆಂಬಂತೆ ಒಂದು ಪಾಲು ಮಣ್ಣಿನಲ್ಲೇ ಸುಪ್ತವಾಗಿ ಉಳಿಯುತ್ತದೆ. ಹೀಗೆ ಉಳಿಯುವುದರಿಂದ ಒಳ್ಳೆಯ ವರ್ಷದ ಫಸಲು ಕಡಿಮೆಯಾದರೂ ಕೆಟ್ಟ ವರ್ಷದ ಸರ್ವನಾಶ ತಪ್ಪುತ್ತದೆ ಎಂಬುದನ್ನು ಡ್ಯಾನ್ ಕೊಹೆನ್ 1966ರಲ್ಲಿ ಗಣಿತದಿಂದ ತೋರಿಸಿದರು. ಸೊನೋರಾದ ಸ್ಪೇಡ್‌ಫುಟ್ ಕಪ್ಪೆಯೂ ವರ್ಷದ ಬಹುಭಾಗವನ್ನು ನೆಲದೊಳಗೆ ಕಳೆದು, ಬೇಸಿಗೆಯ ಗುಡುಗುಮಳೆಯ ಕಂಪನಕ್ಕೆ ಎದ್ದು ಬಂದು, ಗುಂಡಿಯ ನೀರು ಆರುವ ಮೊದಲು ಮೊಟ್ಟೆಯಿಟ್ಟು ಹೋಗುತ್ತದೆ. ಅದರ ಗೊದಮೊಟ್ಟೆಗಳು ಎರಡು ವಾರ ತುಂಬುವ ಮೊದಲೇ ಕಪ್ಪೆಗಳಾಗಬಲ್ಲವು. ಇವೆಲ್ಲಕ್ಕೂ ಸೇರಿ ಪೆಟ್ಟಿಗೆಯಲ್ಲಿರುವುದು ‘ಮರುಭೂಮಿ ಅರಳಿದಾಗ’ ಎಂಬ ಒಂದೇ ಕಾರ್ಡು, ಅದರಲ್ಲಿ ಅಟಕಾಮಾದ ಹೂಗಳ ಒಂದು ಚಿತ್ರ, ಅಷ್ಟೇ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುವುದು ಮರಳಿನ ಪ್ರಯೋಗ. ಎತ್ತರದ ಪಾರದರ್ಶಕ ಡಬ್ಬಿಗೆ ಒಣ ಮರಳು ತುಂಬಿ, ಒಂದು ತಾಪಮಾಪಕವನ್ನು ಮೇಲ್ಮೈಗೆ ತಾಗುವಂತೆಯೂ ಇನ್ನೊಂದನ್ನು ತಳದ ಬಳಿಯೂ ಇಟ್ಟು, ಮೇಲಿನಿಂದ ದೀಪ ಹಚ್ಚಬೇಕು. ಮೇಲಿನ ಪಾದರಸ ಕಣ್ಣೆದುರೇ ಏರುತ್ತ ಹೋಗುತ್ತದೆ, ಕೆಳಗಿನದು ಅಲುಗುವುದೇ ಇಲ್ಲ. ದೀಪ ಆರಿಸಿದ ಮೇಲೆ ಮೇಲ್ಮೈ ತಣಿಯುತ್ತ ಬರುವಾಗ ತಳದ ಮಾಪಕ ಸ್ವಲ್ಪವೇ ಸ್ವಲ್ಪ ಏರತೊಡಗುತ್ತದೆ. ಹಗಲಿನ ಶಾಖ ಆಳಕ್ಕೆ ತಲುಪುವಷ್ಟರಲ್ಲಿ ರಾತ್ರಿಯಾಗಿರುತ್ತದೆ ಎಂಬುದು, ಮರಳಿನ ಮೇಲ್ಮೈ 70 ಡಿಗ್ರಿ ತಲುಪಿದಾಗಲೂ ಅರ್ಧ ಮೀಟರ್ ಆಳದ ಬಿಲ ಏಕೆ ಸಹ್ಯವಾಗಿರುತ್ತದೆ ಎಂಬುದು, ಇದರಿಂದ ವಿವರಣೆಯಿಲ್ಲದೆ ತಿಳಿಯುತ್ತದೆ. ಕೈಪಿಡಿ ದೀಪ ಆರಿಸುವಲ್ಲಿಗೇ ಪ್ರಯೋಗವನ್ನು ಮುಗಿಸುತ್ತದೆ. ಶಿಕ್ಷಕರು ಅಲ್ಲಿಗೆ ನಿಲ್ಲಿಸದೆ ಕಾದು ನೋಡಬೇಕು. ಪಾದರಸದ ಮಾಪಕಗಳನ್ನು ಮಕ್ಕಳ ಕೈಗೆ ಕೊಡುವ ಕಾಲ ಇದಲ್ಲ, ಆಲ್ಕೊಹಾಲ್ ತುಂಬಿದವನ್ನೋ ಡಿಜಿಟಲ್ ಮಾಪಕಗಳನ್ನೋ ಇಡುವುದು ಒಳ್ಳೆಯದು. ಮೇಣ ಸವರಿದ ಮತ್ತು ಸವರದ ಎರಡು ಸ್ಪಂಜುಗಳನ್ನು ತೂಗಿ ನೋಡುವ ಎರಡನೆಯ ಪ್ರಯೋಗ ಎಲೆಯ ಮೇಲಿನ ಮೇಣದ ಪದರವನ್ನು ಅರ್ಥಮಾಡಿಸಲು ಸಾಕು. ಕಾರ್ಡುಗಳ ಮುದ್ರಣ ಅಚ್ಚುಕಟ್ಟಾಗಿದೆ, ಮಡಿಕೆಗಳು ಬೇಗ ಹರಿಯುವಂತಿವೆ.

ಕೊನೆಯದಾಗಿ, ಪೆಟ್ಟಿಗೆಯಲ್ಲಿ ಖಾಲಿ ಕಾರ್ಡುಗಳೂ ಇವೆ, ವಿದ್ಯಾರ್ಥಿಗಳು ತಾವೇ ಬರೆದು ಸೇರಿಸಲೆಂದು. ಅವುಗಳಲ್ಲಿ ಒಂದನ್ನು ಅಮೆರಿಕದ ಮೊಹಾವಿ ಮರುಭೂಮಿಗೆ ಮೀಸಲಿಡಬಹುದು, ಏಕೆಂದರೆ ಬಿಸಿ ಏರುತ್ತಿರುವ ಕಾಲದಲ್ಲಿ ಈ ಹೊಂದಾಣಿಕೆಗಳ ಗತಿ ಏನು ಎಂಬ ಪ್ರಶ್ನೆಯನ್ನು ತಯಾರಕರು ಎತ್ತಿಯೇ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರಾಣಿಶಾಸ್ತ್ರಜ್ಞ ಜೋಸೆಫ್ ಗ್ರಿನ್ನೆಲ್ ಮತ್ತು ಸಂಗಡಿಗರು ಗಣತಿ ಮಾಡಿದ ಜಾಗಗಳನ್ನೇ ಮತ್ತೆ ಹುಡುಕಿ ಹೋದ ಸಂಶೋಧಕರು, ಅಲ್ಲಿನ ಪಕ್ಷಿಜಾತಿಗಳು ಸರಾಸರಿ ಶೇಕಡಾ 43ರಷ್ಟು ಕಡಿಮೆಯಾಗಿರುವುದನ್ನು 2018ರಲ್ಲಿ ವರದಿ ಮಾಡಿದರು. ಅದೇ ಮರುಭೂಮಿಯ ಸಣ್ಣ ಸಸ್ತನಿಗಳು ಹೆಚ್ಚುಕಡಿಮೆ ಹಾಗೆಯೇ ಉಳಿದಿವೆ ಎಂದು 2021ರ ಅಧ್ಯಯನ ತಿಳಿಸಿತು. ಹಗಲಿನಲ್ಲಿ ತೆರೆದ ಬಯಲಿನಲ್ಲಿ ಇರುವ ಹಕ್ಕಿ ತಣಿಯಲು ನೀರನ್ನು ಖರ್ಚು ಮಾಡಲೇಬೇಕು, ಬಿಸಿ ಏರಿದಂತೆ ಆ ಖರ್ಚೂ ಏರುತ್ತದೆ; ಬಿಲದೊಳಗಿರುವ ಇಲಿಗೆ ಆ ಖರ್ಚು ಬಹುಮಟ್ಟಿಗೆ ಬರುವುದೇ ಇಲ್ಲ. ಕಾಂಗರೂ ಇಲಿಯ ಕಾರ್ಡನ್ನು ಓದಿ ಮುಗಿಸಿದ ವಿದ್ಯಾರ್ಥಿ ಈ ಕಾರ್ಡನ್ನು ಶಿಕ್ಷಕರ ನೆರವಿಲ್ಲದೆ ಬರೆಯಬಲ್ಲ.